ಕುಮ್ರಾ: ಹೊರಗಿನವರ ಪದ, ನಮ್ಮ ಮಹಾಯಾಜಕ

(ಕ್ರಿಸ್ತರ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದ ಪ್ರಬೋಧನೆ)

ವಾಚನಗಳು: ಆದಿಕಾಂಡ 14:18-20, ಕೀರ್ತನೆ 110, 1 ಕೊರಿಂಥ 11:23-26, ಲೂಕ 9:11-17



ಇಂದಿನ ಮೊದಲನೆಯ ವಾಚನ ಬಹಳ ಚಿಕ್ಕದು. ಮೂರೇ ವಚನ. ಕೇಳಲು ಕುಳಿತುಕೊಳ್ಳುವಷ್ಟರಲ್ಲಿ ಮುಗಿದುಹೋಗುತ್ತದೆ. ಸೆರೆಸಿಕ್ಕಿದ್ದ ಸೋದರನ ಮಗ ಲೋಟನನ್ನು ಬಿಡಿಸಿಕೊಂಡು ಅಬ್ರಾಮನು ಯುದ್ಧದಿಂದ ಹಿಂದಿರುಗುತ್ತಿದ್ದಾನೆ. ದಾರಿಯಲ್ಲಿ ಸಾಲೇಮಿನ ಅರಸ ಮೆಲ್ಕಿಸದೇಕ ಎದುರಾಗುತ್ತಾನೆ. ಅವನು ಪರಾತ್ಪರ ದೇವರ ಯಾಜಕನೂ ಹೌದು. ದಣಿದವನಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಕೊಡುತ್ತಾನೆ, ಆಶೀರ್ವದಿಸುತ್ತಾನೆ. ಅಬ್ರಾಮನು ತನ್ನಲ್ಲಿದ್ದುದರಲ್ಲಿ ಹತ್ತರಲ್ಲೊಂದು ಪಾಲನ್ನು ಅವನಿಗೆ ಒಪ್ಪಿಸುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ಆ ಮೇಲೆ ಮೆಲ್ಕಿಸದೇಕ ಆದಿಕಾಂಡದಲ್ಲಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ.

ಈತ ಯಾರು? ಅಬ್ರಾಮನ ಮನೆತನದವನಲ್ಲ, ಬಂಧುವಲ್ಲ, ಬಳಗದವನಲ್ಲ. ಅಪ್ಪ ಯಾರು, ಅಮ್ಮ ಯಾರು ಎಂಬುದನ್ನು ಪವಿತ್ರ ಗ್ರಂಥ ಹೇಳುವುದಿಲ್ಲ. ಇಸ್ರಯೇಲರ ಯಾಜಕರಿಗೆಲ್ಲ ಮೂಲಪುರುಷನಾದ ಆರೋನ ಹುಟ್ಟಲು ಇನ್ನೂ ಎಷ್ಟೋ ತಲೆಮಾರು ಕಳೆಯಬೇಕು. ಹೀಗೆ ಬೈಬಲಿನಲ್ಲಿ ಮೊಟ್ಟಮೊದಲು ಯಾಜಕನೆಂದು ಹೆಸರು ಪಡೆದವನು ಒಬ್ಬ ಹೊರಗಿನವನು. ಇಷ್ಟಾದರೂ ನಮ್ಮ ಧರ್ಮಸಭೆ ಅವನನ್ನು ಮರೆತಿಲ್ಲ. ಬಲಿಪೂಜೆಯ ಮೊದಲನೆಯ ಕೃತಜ್ಞತಾಸ್ತೋತ್ರದಲ್ಲಿ ಆಬೇಲ, ಅಬ್ರಹಾಮರ ಜೊತೆಗೆ ಅವನ ಹೆಸರನ್ನೂ ನಾವು ಹೇಳುತ್ತೇವೆ.

ಈ ಹಬ್ಬದ ದಿನ ಪರಮಪ್ರಸಾದದ ಬಗ್ಗೆ ನೀವು ಅನೇಕ ಪ್ರಬೋಧನೆಗಳನ್ನು ಕೇಳಿರುತ್ತೀರಿ. ಇಂದು ಆ ರೊಟ್ಟಿಯನ್ನು ಎತ್ತಿಹಿಡಿಯುವ ಕೈಯ ಕುರಿತು, ಯಾಜಕ ಎಂಬ ಪದದ ಕುರಿತು ಸ್ವಲ್ಪ ಯೋಚಿಸೋಣ. ಅದಕ್ಕಾಗಿ ಯೇಸುಸ್ವಾಮಿಯ ಮನೆಮಾತಿಗೆ ಹೋಗಬೇಕು.

ಯೇಸುಸ್ವಾಮಿ ಮನೆಯಲ್ಲಿ, ಬೀದಿಯಲ್ಲಿ ಆಡುತ್ತಿದ್ದ ಮಾತು ಅರಮಾಯಿಕ್. ಪ್ರಾರ್ಥನಾಮಂದಿರದಲ್ಲಿ ಓದುತ್ತಿದ್ದ ಧರ್ಮಗ್ರಂಥ ಹಿಬ್ರೂ ಭಾಷೆಯದು. ಇದನ್ನು ನಮ್ಮ ಜನರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚಿಂತಾಮಣಿ, ಗೌರಿಬಿದನೂರಿನ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ತೆಲುಗು, ಶಾಲೆಯ ಪುಸ್ತಕದಲ್ಲಿ ಕನ್ನಡ. ಕೆಲವರಿಗೆ ಜಪಮಾಲೆ ತಮಿಳಿನಲ್ಲಿ. ಅಲ್ಲಿಯೂ ಹಾಗೆಯೇ. ಶುಭಸಂದೇಶಗಳನ್ನು ಬರೆದದ್ದು ಗ್ರೀಕಿನಲ್ಲಾದರೂ ಆ ಮನೆಮಾತಿನ ಕೆಲವು ತುಣುಕುಗಳು ಅಲ್ಲಲ್ಲಿ ಉಳಿದಿವೆ. ಅಬ್ಬಾ ಎಂಬುದು ಅಂಥದ್ದು. ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸಿದ ತಲಿಥಾ ಕೂಮ್ ಅಂಥದ್ದು. ಶಿಲುಬೆಯ ಮೇಲಿನ ಕೂಗಂತೂ ನಿಮಗೆಲ್ಲ ಗೊತ್ತು.

ಆ ಭಾಷೆಯಲ್ಲಿ ಯಾಜಕನಿಗೆ ಒಂದಲ್ಲ, ಎರಡು ಪದಗಳಿದ್ದವು. ಒಂದು ಕಾಹ್ನಾ. ಹಿಬ್ರೂವಿನ ಕೊಹೇನ್ ಎಂಬುದರ ಜೊತೆಯ ಪದ ಅದು. ಇಂದಿಗೂ ಯೆಹೂದ್ಯರಲ್ಲಿ ಕೊಹೇನ್ ಎಂಬ ಮನೆತನದ ಹೆಸರಿದೆಯಲ್ಲ, ಅದೇ. ಇನ್ನೊಂದು ಕುಮ್ರಾ. ಎರಡಕ್ಕೂ ಅರ್ಥ ಪೂಜೆ ಸಲ್ಲಿಸುವವನು ಎಂದೇ. ಆದರೆ ಯಾರ ಪೂಜೆ, ಯಾವ ಕಡೆಯವನು ಎಂಬುದರಲ್ಲಿ ವ್ಯತ್ಯಾಸವಿತ್ತು.

ಈ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ಹಳೆಯ ಪತ್ರ ಸಿಕ್ಕಿದೆ. ಈಜಿಪ್ಟಿನ ನೈಲ್ ನದಿಯ ನಡುವೆ ಎಲೆಫಂಟೀನ್ ಎಂಬ ದ್ವೀಪವಿದೆ. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅಲ್ಲಿ ಪಾರಸಿಕ ಅರಸರ ಸೇವೆಯಲ್ಲಿದ್ದ ಯೆಹೂದ್ಯ ಸೈನಿಕರ ಕೇರಿಯೊಂದಿತ್ತು. ಅವರದೇ ಒಂದು ದೇವಾಲಯವೂ ಇತ್ತು. ಪಕ್ಕದಲ್ಲಿಯೇ ಟಗರಿನ ತಲೆಯ ಖ್ನೂಮ್ ದೇವರ ಗುಡಿ. ಎರಡು ಕಡೆಯವರಿಗೂ ಜಗಳವಾಗಿ ಕ್ರಿ.ಪೂ. 410ರಲ್ಲಿ ಯೆಹೂದ್ಯರ ದೇವಾಲಯ ನೆಲಸಮವಾಯಿತು. ಮೂರು ವರ್ಷಗಳ ಮೇಲೆ, ಕ್ರಿ.ಪೂ. 407ರಲ್ಲಿ, ಅದನ್ನು ಮತ್ತೆ ಕಟ್ಟಿಕೊಳ್ಳಲು ಅಪ್ಪಣೆ ಬೇಡಿ ಅಲ್ಲಿನ ಹಿರಿಯರು ಜುದೇಯದ ರಾಜ್ಯಪಾಲರಿಗೆ ಅರಮಾಯಿಕ್‌ನಲ್ಲಿ ಅರ್ಜಿ ಬರೆದರು. ಆ ಅರ್ಜಿಯಲ್ಲಿ ತಮ್ಮ ಯಾಜಕರನ್ನು ಕಾಹ್ನಾ ಎಂದೂ ಖ್ನೂಮ್ ದೇವರ ಪೂಜಾರಿಗಳನ್ನು ಕುಮ್ರಾ ಎಂದೂ ಕರೆದಿದ್ದಾರೆ. ನಮ್ಮವರಿಗೆ ಒಂದು ಪದ, ಅವರಿಗೆ ಇನ್ನೊಂದು.

ಹಿಬ್ರೂ ಬೈಬಲಿನಲ್ಲಿಯೂ ಇದೇ ರೀತಿ. ಅರಸ ಯೋಷೀಯನು ವಿಗ್ರಹಗಳ ಪೂಜಾರಿಗಳನ್ನು ತೆಗೆದುಹಾಕಿದನೆಂದು ಹೇಳುವಲ್ಲಿ (2 ಅರಸು 23:5), ಹೋಶೇಯ ಮತ್ತು ಚೆಫನ್ಯ ಪ್ರವಾದಿಗಳು ಸುಳ್ಳುಪೂಜೆಯನ್ನು ಖಂಡಿಸುವಲ್ಲಿ ಬರುವುದು ಈ ಕುಮ್ರಾ ಪದದ ಹಿಬ್ರೂ ರೂಪ. ದೇವಜನರ ಯಾಜಕನನ್ನು ಆ ಪದದಿಂದ ಕರೆದರೆ ಅದು ಬೈಗುಳಕ್ಕೆ ಸಮ.

ಈಗ ಕೆಲವು ಶತಮಾನ ಮುಂದೆ ಬರೋಣ. ಅರಮಾಯಿಕ್ ಆಡುತ್ತಿದ್ದ ಜನರಲ್ಲಿ ಬಹಳ ಮಂದಿ ಕ್ರೈಸ್ತರಾದರು. ಅವರ ಅರಮಾಯಿಕ್‌ಗೆ ಸುರಿಯಾನಿ ಎಂದು ಹೆಸರು. ನಮ್ಮ ಕೇರಳದ ಸಂತ ತೋಮರ ಕ್ರೈಸ್ತರ ಆರಾಧನೆಯ ಭಾಷೆ ಅದು. ಆ ಕ್ರೈಸ್ತರು ಪವಿತ್ರ ಗ್ರಂಥವನ್ನು ತಮ್ಮ ಮಾತಿಗೆ ತಂದುಕೊಂಡರು. ಪೆಶಿತ್ತಾ ಎಂದು ಅದಕ್ಕೆ ಹೆಸರು. ಅದರಲ್ಲಿ ಶುಭಸಂದೇಶಗಳನ್ನು ತೆರೆದರೆ, ಕುಷ್ಠರೋಗಿ ಹೋಗಿ ಮೈತೋರಿಸಬೇಕಾದದ್ದು ಕಾಹ್ನಾನಿಗೆ. ಗಾಯಗೊಂಡು ಬಿದ್ದವನನ್ನು ಕಂಡೂ ಕಾಣದಂತೆ ಬದಿಗೆ ಸರಿದುಹೋದವನು ಕಾಹ್ನಾ. ಯೇಸುವನ್ನು ವಿಚಾರಣೆಗೆ ಗುರಿಪಡಿಸಿದ ಕಾಯಫ ಕಾಹ್ನಾಗಳ ಮುಖ್ಯಸ್ಥ. ಇದು ನಾವು ನಿರೀಕ್ಷಿಸುವಂಥದೇ.

ಹಿಬ್ರಿಯರಿಗೆ ಬರೆದ ಪತ್ರಕ್ಕೆ ಬಂದರೆ ಮಾತ್ರ ನಾವು ಬೆಚ್ಚಿ ನಿಲ್ಲಬೇಕು. ಯೇಸುವೇ ನಮ್ಮ ಮಹಾಯಾಜಕರೆಂದು ಸಾರುವ ಪತ್ರ ಅದು. ಅಲ್ಲಿ ಅನುವಾದಕರು ಯೇಸುವಿಗೆ ಕೊಟ್ಟಿರುವ ಪದ ಕಾಹ್ನಾ ಅಲ್ಲ. ಕುಮ್ರಾ! ಯೇಸು ಕುಮ್ರಾಗಳಲ್ಲಿ ಶ್ರೇಷ್ಠರು. ಮೆಲ್ಕಿಸದೇಕನೂ ಕುಮ್ರಾ.

ಎಲ್ಲ ಬಿಟ್ಟು ಈ ಪದವೇ ಏಕೆ? ಪತ್ರದ ಏಳನೆಯ ಅಧ್ಯಾಯವನ್ನು ಮನೆಗೆ ಹೋಗಿ ನಿಧಾನವಾಗಿ ಓದಿ. ನಮ್ಮ ಪ್ರಭು ಯೂದ ಕುಲದಲ್ಲಿ ಹುಟ್ಟಿದವರೆಂಬುದು ಎಲ್ಲರಿಗೂ ಗೊತ್ತು, ಆ ಕುಲದವರ ಯಾಜಕತ್ವದ ಬಗ್ಗೆ ಮೋಶೆ ಏನನ್ನೂ ಹೇಳಲಿಲ್ಲ ಎಂದು ಪತ್ರ ಒಪ್ಪಿಕೊಳ್ಳುತ್ತದೆ. ಎಂದರೆ ಯೇಸುವಿಗೆ ಹುಟ್ಟಿನಿಂದ ಯಾಜಕರಾಗುವ ಹಕ್ಕಿರಲಿಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಅವರು ಬಲಿಪೀಠದ ಹತ್ತಿರ ಹೋಗಿ ಧೂಪ ಹಾಕುವಂತಿರಲಿಲ್ಲ. ಲೇವಿಯ ಕುಲದ ಲೆಕ್ಕದಲ್ಲಿ ಅವರು ಹೊರಗಿನವರು, ಮೆಲ್ಕಿಸದೇಕ ಹೊರಗಿನವನಾಗಿದ್ದಂತೆಯೇ. ಅವರ ಯಾಜಕತ್ವ ವಂಶದಿಂದ ಬಂದದ್ದಲ್ಲ, ಅಳಿಯದ ಜೀವದ ಶಕ್ತಿಯಿಂದ ಬಂದದ್ದು ಎಂದು ಪತ್ರ ವಾದಿಸುತ್ತದೆ. ಹೊರಗಿನವರಿಗೆಂದು ಮೀಸಲಾಗಿದ್ದ ಪದ ಈ ವಾದಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತು ನೋಡಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಒಂದೇ ಪದದ ಮೇಲೆ ದೊಡ್ಡ ಗೋಪುರ ಕಟ್ಟಬಾರದು. ಅದೇ ಪತ್ರ ಲೇವಿಯರ ಯಾಜಕತ್ವಕ್ಕೂ ಅದೇ ಪದವನ್ನು ಬಳಸುತ್ತದೆ. ಅಷ್ಟು ಹೊತ್ತಿಗೆ ಸುರಿಯಾನಿಯಲ್ಲಿ ಆ ಪದದ ಕಹಿ ಸ್ವಲ್ಪ ಇಳಿದಿರಬೇಕು. ಹಾಗಿದ್ದರೂ ಕಾಹ್ನಾ ಎಂಬ ಗೌರವದ ಪದ ಕೈಯಲ್ಲೇ ಇರುವಾಗ ಅದನ್ನು ಬಿಟ್ಟು, ಹಿಂದೆ ಪರರ ಪೂಜಾರಿಗಳಿಗಿದ್ದ ಪದವನ್ನು ಪ್ರಭುವಿಗೆ ತೊಡಿಸಲು ಆ ಅನುವಾದಕರು ಹಿಂಜರಿಯಲಿಲ್ಲ. ನಮಗೆ ಮುಖ್ಯವಾದದ್ದು ಅದು.

ನಮ್ಮ ನಾಡಿನಲ್ಲಿಯೂ ಇಂಥದ್ದೇ ನಡೆದಿದೆ. 'ಯಾಜಕ' ಎಂಬುದು ವೇದದ ಯಜ್ಞಕ್ಕೆ ಸೇರಿದ ಪದ. 'ಗುರು', 'ಸ್ವಾಮಿ' ಎಂಬುವು ಮಠಗಳಲ್ಲಿ, ಸನ್ಯಾಸಿಗಳ ನಡುವೆ ಬೆಳೆದ ಪದಗಳು. ನಾವು 'ಪೂಜೆಗೆ ಹೋಗಿಬಂದೆವು' ಎನ್ನುತ್ತೇವೆ, ಆದರೆ ಪೂಜೆ ಮಾಡುವವರನ್ನು ಪೂಜಾರಿ ಎನ್ನುವುದಿಲ್ಲ. ಅದನ್ನು ಮಾತ್ರ ಏಕೋ ಆಚೆಗೇ ಬಿಟ್ಟೆವು. ನಮ್ಮ ಕುಮ್ರಾ ಅದೇ ಇರಬೇಕು. ಹಿರಿಯರು ಧರ್ಮಾಧ್ಯಕ್ಷರನ್ನು 'ಮೇತ್ರಾಣಿಗಳು' ಎನ್ನುವುದನ್ನು ಕೇಳಿದ್ದೀರಿ. ಅದು ಗ್ರೀಕಿನಲ್ಲಿ ಹುಟ್ಟಿ, ಸುರಿಯಾನಿಯವರ ಬಾಯಲ್ಲಿ ಸವೆದು, ಕೇರಳ, ತಮಿಳುನಾಡನ್ನು ಹಾದು ನಮ್ಮ ತನಕ ಬಂದ ಪದ. ಇನ್ನು 'ಸ್ವಾಮಿ' ಎಂಬುದಕ್ಕೆ ಅರಮಾಯಿಕ್‌ನಲ್ಲಿ ಮಾರ್ ಎನ್ನುತ್ತಾರೆ. ಕೇರಳದ ಬಿಷಪರ ಹೆಸರಿನ ಹಿಂದಿರುವ ಮಾರ್ ಅದೇ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಕೊನೆಯಲ್ಲಿ ಬಿಟ್ಟುಹೋಗಿರುವ ಮಾರನಾಥಾ ಎಂಬ ಮೊರೆಯೂ ಅದೇ. ಯೇಸುಸ್ವಾಮಿಯನ್ನೂ ಊರಿನ ಸ್ವಾಮಿಯವರನ್ನೂ ಒಂದೇ ಪದದಿಂದ ಕರೆಯುವ ವಾಡಿಕೆ ಕನ್ನಡದವರದು ಮಾತ್ರವಲ್ಲ.

'ಸ್ವಾಮಿ' ಎಂಬ ಪದ ನಮ್ಮ ಸೀಮೆಗೆ ಬಂದ ಬಗೆಯನ್ನು ನಂದಿ ಬೆಟ್ಟದ ಕೆಳಗಿರುವ ನಾವು ತಿಳಿದಿರಬೇಕು. 18ನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಯೇಸುಸಭೆಯ ಗುರುಗಳು ಪಾಂಡಿಚೇರಿಯಿಂದ ಹೊರಟು ಪುಂಗನೂರು, ಚಿಕ್ಕಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಬಂದರು. ಕರ್ನಾಟಕ್ ಮಿಷನ್ ಎಂದು ಅದಕ್ಕೆ ಹೆಸರಾಯಿತು. ಅವರು ತಮ್ಮ ದೇಶಕ್ಕೆ ಬರೆದ ಪತ್ರಗಳಲ್ಲಿ 'ಚಿನ್ನಬಲ್ಲಾಬರಂ' ಎಂದು ಕಾಣಿಸುವ ಊರು ನಮ್ಮ ಚಿಕ್ಕಬಳ್ಳಾಪುರವೇ. ಫಾದರ್ ಲೆ ಗಾಕ್ ಎಂಬವರು ಇಲ್ಲಿಂದ ಬರೆದ ಪತ್ರಗಳು ಅಚ್ಚಾಗಿವೆ. ಇವರು ಕರಿ ನಿಲುವಂಗಿ ತೊಟ್ಟು ಬರಲಿಲ್ಲ. ಮದುರೆಯಲ್ಲಿ ಸುಮಾರು ನೂರು ವರ್ಷ ಮೊದಲು ರಾಬರ್ಟ್ ದೆ ನೊಬಿಲಿಯವರು ಹಾಕಿಕೊಟ್ಟ ದಾರಿಯಲ್ಲಿ ಕಾವಿ ಬಣ್ಣದ ಬಟ್ಟೆ ತೊಟ್ಟು, ಮಾಂಸಾಹಾರ ಬಿಟ್ಟು, ಸನ್ಯಾಸಿಗಳಾಗಿ ಬಂದರು. ಜನರೂ ಅವರನ್ನು ಸನ್ಯಾಸಿಗಳೆಂದೇ ಕಂಡರು. ಮುಂದೆ ಯೇಸುಸಭೆ 1773ರಲ್ಲಿ ರದ್ದಾದ ಮೇಲೆ ಬಂದ ಪ್ಯಾರಿಸ್ ಮಿಷನ್ನಿನ ಅಬ್ಬೆ ದುಬ್ವಾ ಅವರನ್ನಂತೂ ಮೈಸೂರು ಸೀಮೆಯ ಜನ ದೊಡ್ಡಸ್ವಾಮಿಯವರೆಂದೇ ಕರೆದರು.

ಹೊರಗಿನ ಪದವನ್ನು, ಹೊರಗಿನ ಉಡುಪನ್ನು ತೊಟ್ಟು ಕ್ರಿಸ್ತರನ್ನು ತಂದ ಅವರ ಧೈರ್ಯವನ್ನು ಮೆಚ್ಚಲೇಬೇಕು. ಪೆಶಿತ್ತಾದ ಅನುವಾದಕರ ಧೈರ್ಯವೂ ಇದೇ ಜಾತಿಯದು. ಆದರೆ ಪದದ ಜೊತೆಗೆ ಇನ್ನೊಂದು ಕೂಡ ಬಂತು. ಸನ್ಯಾಸಿ ಮೇಲುಜಾತಿಯವರ ನಡುವೆ ಓಡಾಡಬೇಕಾದರೆ ಕೆಳಜಾತಿಯವರ ಗುಡಿಸಲಿಗೆ ಹೋಗುವಂತಿಲ್ಲ, ಅವರ ಕೈಯಲ್ಲಿ ನೀರು ಕುಡಿಯುವಂತಿಲ್ಲ. ಅದಕ್ಕೆಂದೇ ಮದುರೆಯ ಮಿಷನ್ನಿನಲ್ಲಿ ಕೆಳಜಾತಿಯವರಿಗೆ ಬೇರೆಯೇ ಗುರುಗಳು, ಪಂಡಾರಸ್ವಾಮಿಗಳು, ಇದ್ದರು. ಲೇವಿಯ ಗೋಡೆಯನ್ನು ಒಡೆದ ಕ್ರಿಸ್ತರ ಯಾಜಕರಿಗೆ ಇಲ್ಲಿ ಹೊಸ ಗೋಡೆಯೊಂದು ಎದ್ದಿತು. ಪೋಪರ ಪ್ರತಿನಿಧಿಯಾಗಿ ಬಂದ ತೂರ್ನೋ ಅವರು 1704ರಲ್ಲಿ ಪಾಂಡಿಚೇರಿಯಿಂದ ಹೊರಡಿಸಿದ ಆಜ್ಞೆಯಲ್ಲಿ ಈ ಗೋಡೆಗೆ ಕೈಹಾಕಿದರು. ಕಾಯಿಲೆ ಬಿದ್ದ ಪರೆಯರ ಮನೆಗೂ ಗುರು ಹೋಗಿ ಸಂಸ್ಕಾರಗಳನ್ನು ಕೊಡಲೇಬೇಕು ಎಂಬುದು ಅದರ ಒಂದು ಭಾಗವಾಗಿತ್ತು. ಅದರ ಮೇಲಿನ ವಾದವಿವಾದ 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರ ಆಜ್ಞಾಪತ್ರ ಬರುವ ತನಕ ನಲವತ್ತು ವರ್ಷ ನಡೆಯಿತು. ಕಾಯಿಲೆಯವನ ಹಾಸಿಗೆಯ ಬಳಿ ಹೋಗಬೇಕೋ ಬೇಡವೋ ಎಂದು ನಲವತ್ತು ವರ್ಷ!

ಅರಮಾಯಿಕ್‌ನಲ್ಲಿ ಯಾಜಕರಿಗೆ ಎರಡು ಪದಗಳಿದ್ದವು ಎಂದು ಹೇಳಿದೆವು. ಆಯಾ ಊರಿನ ಸಭೆಗಳನ್ನು ನಡೆಸುತ್ತಿದ್ದ ಗುರುಗಳಿಗೆ ಸುರಿಯಾನಿ ಕ್ರೈಸ್ತರು ಕಶ್ಶೀಶಾ ಎಂಬ ಮೂರನೆಯದೊಂದನ್ನು ಇಟ್ಟುಕೊಂಡರು. ಹಿರಿಯ ಎಂದು ಅದರ ಅರ್ಥ, ನಾವು ಊರಿನ ಹಿರಿಯರು ಎನ್ನುವಂತೆ. ಗ್ರೀಕಿನ ಪ್ರೆಸ್ಬಿತೆರೋಸ್‌ಗೂ ಅದೇ ಅರ್ಥ, ಅದರಿಂದಲೇ ಇಂಗ್ಲಿಷಿನ ಪ್ರೀಸ್ಟ್ ಎಂಬುದು ಹುಟ್ಟಿತು. ಬೆಂಗಳೂರಿನಲ್ಲಿರುವ ಕೇರಳದ ಸುರಿಯಾನಿ ಸಭೆಯವರನ್ನು ಕೇಳಿ, ಕಶ್ಶೀಶಾ ಎಂದರೆ ಇಂದಿಗೂ ಗುರುತು ಹಿಡಿಯುತ್ತಾರೆ. ನಿಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಭೆಯ ಹಿರಿಯರನ್ನು ಕರೆಸಿರಿ, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಸಂತ ಯಕೋಬರು ಹೇಳುವಲ್ಲಿ (ಯಕೋಬ 5:14) ಸುರಿಯಾನಿಯಲ್ಲಿರುವುದು ಈ ಪದವೇ. ಕಶ್ಶೀಶಾ ಎಂದರೆ ಹೇಳಿಕಳುಹಿಸಿದಾಗ ಮನೆಗೆ ಬರುವವನು. ಬಾಗಿಲಲ್ಲಿ ನಿಂತು ಇದು ಯಾರ ಮನೆ ಎಂದು ಕೇಳುವವನಲ್ಲ.

ನಮ್ಮ ಧರ್ಮಕೇಂದ್ರಗಳಿಗೆ ಹೊಸ ಗುರುಗಳು ನೇಮಕವಾದಾಗ ಜನ ಮೊದಲು ಕೇಳುವ ಪ್ರಶ್ನೆ ಯಾವುದು? ಒಳ್ಳೆಯ ಪ್ರಬೋಧನೆ ಮಾಡುತ್ತಾರೆಯೇ ಎಂದಲ್ಲ, ಕಾಯಿಲೆಯವರನ್ನು ನೋಡಲು ಬರುತ್ತಾರೆಯೇ ಎಂದೂ ಅಲ್ಲ. ಯಾವ ಊರು, ಯಾವ ಭಾಷೆ. ಆ ಮೇಲೆ ದನಿ ತಗ್ಗಿಸಿ, ಯಾವ ಜನ? ಕ್ರೈಸ್ತರಾದ ನಾವು ಇದನ್ನು ಕೇಳುತ್ತೇವೆ. ನಿಶ್ಚಿತಾರ್ಥದ ಮಾತುಕತೆಯಲ್ಲಿ ಕೇಳುವುದು ಸಾಲದೆಂದು ಬಲಿಪೀಠದ ಮುಂದೆಯೂ ಕೇಳುತ್ತೇವೆ. ಬಲಿಪೀಠದ ಈಚೆ ನಿಂತಿರುವ ನಾವು, ಗುರುಗಳು, ನಮ್ಮ ನಮ್ಮಲ್ಲಿ ಕೇಳಿಕೊಳ್ಳುವುದಿಲ್ಲವೆಂದು ಹೇಳಿದರೆ ನೀವು ನಗುತ್ತೀರಿ. ಆ ಪ್ರಶ್ನೆಯನ್ನು ಯೇಸುಸ್ವಾಮಿಯ ಮುಂದೆ ಇಟ್ಟರೆ ಏನಾಗುತ್ತದೆ? ಯಾವ ಜನ? ಯೂದ. ಯಾಜಕರ ಕುಲವೇ? ಅಲ್ಲ. ಹಾಗಾದರೆ ಪಕ್ಕಕ್ಕೆ ನಿಲ್ಲು. ನಮ್ಮ ಪ್ರಶ್ನೆಯ ಪ್ರಕಾರ ಈ ಪೀಠದ ಮೇಲೆ ರೊಟ್ಟಿ ಮುರಿಯಲು ಮೊದಲು ಅನರ್ಹರಾಗುವವರು ಯೇಸುವೇ.

ಅವರ ಯಾಜಕತ್ವದಲ್ಲಿ ನಿಮಗೂ ಪಾಲಿದೆ ಎಂಬುದನ್ನು ಮರೆಯಬೇಡಿ. ಸ್ನಾನದೀಕ್ಷೆ ಪಡೆದವರೆಲ್ಲರ ಸಾಮಾನ್ಯ ಯಾಜಕತ್ವ ಬೇರೆ, ಗುರುದೀಕ್ಷೆಯ ಯಾಜಕತ್ವ ಬೇರೆ. ಅವುಗಳ ಅಂತರ ಹೆಚ್ಚು ಕಡಿಮೆ ಎಂಬ ಅಳತೆಯದಲ್ಲ, ಸ್ವರೂಪದ್ದೇ. ಆದರೂ ಎರಡೂ ಒಬ್ಬರೇ ಕ್ರಿಸ್ತರಿಂದ ಬಂದವು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ನಮ್ಮ ಕನ್ನಡ ಪದವೇ ಇದಕ್ಕೆ ಸಹಾಯ ಮಾಡುತ್ತದೆ. ಯಜ್ಞವನ್ನು ನಡೆಸಿಕೊಡುವವನು ಯಾಜಕ. ಯಾರ ಪರವಾಗಿ ಯಜ್ಞ ನಡೆಯುತ್ತದೋ, ಯಾರು ಅದಕ್ಕೆ ಬೇಕಾದುದನ್ನು ತಂದೊಪ್ಪಿಸುತ್ತಾರೋ ಅವರು ಯಜಮಾನ. ಮನೆಯ ಯಜಮಾನ, ಯಜಮಾನಿ ಎಂದು ದಿನವೂ ಹೇಳುತ್ತೇವಲ್ಲ, ಆ ಪದ ಹುಟ್ಟಿದ್ದು ಅಲ್ಲಿ. ಯಾಜಕ ಒಬ್ಬನಿರಬಹುದು. ಯಜಮಾನರು ನೀವೆಲ್ಲರೂ.

ಇಂದಿನ ಶುಭಸಂದೇಶದಲ್ಲಿಯೂ ಶಿಷ್ಯರು ಜನರನ್ನು ಕಳುಹಿಸಿಬಿಡಿ ಎಂದಾಗ ಯೇಸು ನೀವೇ ಅವರಿಗೆ ಊಟಕ್ಕೆ ಕೊಡಿ ಎನ್ನುತ್ತಾರೆ. ಇದ್ದದ್ದು ಐದು ರೊಟ್ಟಿ, ಎರಡು ಮೀನು. ಜನರನ್ನು ಐವತ್ತೈವತ್ತು ಮಂದಿಯಂತೆ ಸಾಲಾಗಿ ಕುಳ್ಳಿರಿಸಿದರು. ಯಾರು ಯಾರ ಪಕ್ಕ ಕುಳಿತರೆಂದು ಲೂಕರು ಬರೆದಿಲ್ಲ. ಐದು ಸಾವಿರ ಮಂದಿಯ ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂದು ವಿಚಾರಿಸುತ್ತಿದ್ದರೆ ಅಷ್ಟು ಹೊತ್ತಿಗೆ ಕತ್ತಲಾಗಿಬಿಡುತ್ತಿತ್ತು.

ನಮ್ಮ ಸೀಮೆ ರಾಗಿಯ ಸೀಮೆ. ಧರ್ಮಸಭೆಯ ನಿಯಮದಂತೆ ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು, ರಸ ದ್ರಾಕ್ಷಿಯದೇ ಆಗಿರಬೇಕು. ಗೋಧಿ ನಮಗೆ ಹೊರಗಿನದು. ದ್ರಾಕ್ಷಿ ಮಾತ್ರ ಇಲ್ಲಿಯದು. ಬೆಂಗಳೂರು ನೀಲಿ ಎಂದು ಹೆಸರಾದ ಹಣ್ಣು ಬೆಳೆಯುವುದು ಚಿಕ್ಕಬಳ್ಳಾಪುರದ ತೋಟಗಳಲ್ಲಿ. ಚಪ್ಪರದ ಕೆಳಗೆ ಬಗ್ಗಿ ಗೊಂಚಲು ಕೊಯ್ಯುವ ಕೂಲಿಯ ಕೈಗಳು, ಶಿಡ್ಲಘಟ್ಟದಲ್ಲಿ ಬಿಸಿನೀರಿನಲ್ಲಿ ಅದ್ದಿ ರೇಷ್ಮೆ ಬಿಚ್ಚುವ ಕೈಗಳು ಈ ದೇವಾಲಯದಲ್ಲಿ ಕುಳಿತಿವೆ. ಪರಮಪ್ರಸಾದಕ್ಕಾಗಿ ಚಾಚುವ ಆ ಕೈಗಳ ಬಿರುಕುಗಳು ಕೊಡುವವರ ಕಣ್ಣಿಗೆ ಬೀಳುತ್ತವೆ.

ಈಗ ವಿಶ್ವಾಸ ಪ್ರಮಾಣಕ್ಕೆ ಎದ್ದುನಿಲ್ಲೋಣ. ಅದಾದ ಮೇಲೆ ಕಾಣಿಕೆಯ ಮೆರವಣಿಗೆ. ರೊಟ್ಟಿಯ ತಟ್ಟೆಯೂ ದ್ರಾಕ್ಷಾರಸದ ಪಾತ್ರೆಯೂ ಬಾಗಿಲ ಬಳಿಯ ಮೇಜಿನ ಮೇಲಿವೆ. ಅವನ್ನು ಯಾವ ಮನೆಯವರು ತರಬೇಕೆಂದು ಈ ಸಲ ಗೊತ್ತುಮಾಡಿಲ್ಲ. ಮುಂದಿನ ಸಾಲಿನವರು ಹಾಗೆಯೇ ಕುಳಿತಿರಿ. ಹಿಂದೆ ಗೋಡೆಗೆ ಒರಗಿ ನಿಂತಿದ್ದೀರಲ್ಲ, ನೀವು ತೆಗೆದುಕೊಂಡು ಬನ್ನಿ.